ಕೊಟ್ಟಿಗೆಗೊಂದು ಚಾಕು: ಮಾಡಿಸುವ ಮುನ್ನ ಗಮನಿಸಬೇಕಾದ ಸಂಗತಿಗಳು

ಹೈನುಗಾರಿಕೆಗೆ ಏನೇನು ಸಾಮಾನು ಬೇಕು ಎಂದು ಕೇಳಿದರೆ ನಮ್ಮ ಸಂಘಗಳ ಸಹೋದರಿಯರು ಹಾಲಿನ ಕ್ಯಾನು, ಮೇವು ಕತ್ತರಿಸುವ ಯಂತ್ರ, ರಬ್ಬರ್ ಮ್ಯಾಟ್, ಖನಿಜ ಮಿಶ್ರಣ ಎಂದು ಪಟಪಟನೆ ಹೇಳುತ್ತಾರೆ. ಚಾಕು ಎಂದು ಯಾರೂ ಹೇಳುವುದಿಲ್ಲ. ಆದರೆ ದಿನಕ್ಕೆ ಹತ್ತು ಸಲ ಅದು ಬೇಕೇ ಬೇಕು. ಪಶು ಆಹಾರದ ಚೀಲದ ಹೊಲಿಗೆ ಬಿಚ್ಚಲು, ಮೇವಿನ ಕಟ್ಟು ಬಿಡಿಸಲು, ಗಂಟು ಬಿದ್ದ ಹಗ್ಗ ತುಂಡರಿಸಲು, ಗೆಣಸಿನ ಬಳ್ಳಿ ಕೊಯ್ಯಲು. ಆಗ ಕೈಗೆ ಸಿಕ್ಕುವುದು ಅಡುಗೆಮನೆಯ ಚಾಕು, ಇಲ್ಲವಾದರೆ ಕುಡುಗೋಲು, ಅದೂ ಇಲ್ಲದಿದ್ದರೆ ಹಲ್ಲು!

ಈ ಸಣ್ಣ ಸಾಮಾನಿಗೆ ಒಂದು ದೊಡ್ಡ ಕೆಲಸವೂ ಇದೆ. ರಾತ್ರಿ ಹೊತ್ತು ಹಸು ಕೊರಳ ಹಗ್ಗದಲ್ಲಿ ಕಾಲು ಸಿಕ್ಕಿಸಿಕೊಂಡು ಬಿದ್ದರೆ, ಅದು ಒದ್ದಾಡಿದಷ್ಟೂ ಹಗ್ಗ ಬಿಗಿಯುತ್ತದೆ. ನಾಲ್ಕೈದು ಕ್ವಿಂಟಾಲ್ ತೂಕದ ಹಸು ಜಗ್ಗುತ್ತಿರುವ ನೈಲಾನ್ ಹಗ್ಗದ ಗಂಟನ್ನು ಬೆರಳಿನಿಂದ ಬಿಚ್ಚಲು ಯಾರಿಂದಲೂ ಆಗದು. ಉಸಿರು ಕಟ್ಟಿದ ಹಸುವಿಗೆ ಇರುವುದು ಕೆಲವೇ ನಿಮಿಷ. ಅಷ್ಟರಲ್ಲಿ ನಾವು ಬರುವುದೂ ಸಾಧ್ಯವಿಲ್ಲ. ಅಲ್ಲಿ ಹಸುವನ್ನು ಉಳಿಸುವುದು ಕೈಗೆಟುಕುವಲ್ಲಿ ಇರುವ ಹರಿತವಾದ ಚಾಕು ಮಾತ್ರ.

ಮಹಿಳಾ ಸಂಘವೊಂದರ ಸಭೆ ಮುಗಿದ ಮೇಲೆ ಒಬ್ಬ ತಾಯಿ, "ಮೇಡಂ, ಮಡಚೋ ಚಾಕು ಒಂದನ್ನ ಕುಲುಮೇಲಿ ಹೇಳಿ ಮಾಡಿಸ್ಬೇಕು ಅಂತಿದೀನಿ. ಎಂಥ ಅಲಗು, ಎಂಥ ಹಿಡಿ ಹಾಕಿಸಲಿ?" ಎಂದು ಕೇಳಿದರು. ಪಶುವೈದ್ಯಳಾದ ನನಗೆ ಸಾಮಾನ್ಯವಾಗಿ ಬರುವ ಪ್ರಶ್ನೆಯಲ್ಲ ಇದು. ಆದರೆ ಒಳ್ಳೆಯ ಪ್ರಶ್ನೆ. ದನ ಸಾಕುವವರಿಗಾಗಿಯೇ ಹುಟ್ಟಿದ ಮಡಚುವ ಚಾಕು ಒಂದು ಪ್ರಪಂಚದಲ್ಲಿದೆ. ಮೊದಲು ಅದರ ಕಥೆ ಹೇಳುತ್ತೇನೆ.

ದನಗಾಹಿಗಳ ಚಾಕು

ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿ ಓಬ್ರಾಕ್ ಎಂಬ ಎತ್ತರದ ಹುಲ್ಲುಗಾವಲಿನ ಸೀಮೆ ಇದೆ. ಅಲ್ಲಿನ ಸಣ್ಣ ಊರು ಲಾಯೋಲ್. ಆ ಸೀಮೆಯ ದನಗಳಿಗೂ ಓಬ್ರಾಕ್ ಎಂದೇ ಹೆಸರು. ಗೋಧಿ ಬಣ್ಣದ ಮೈ, ತುದಿ ಕಪ್ಪಾದ ಕೊಂಬು, ಕಾಡಿಗೆ ಹಚ್ಚಿದಂತಹ ಕಣ್ಣು. ನೋಡಿದರೆ ನಮ್ಮ ನಾಟಿ ದನದ ದೂರದ ನೆಂಟರು ಎನ್ನಿಸುತ್ತದೆ. ಹಿಂದೆ ಬೇಸಿಗೆ ಬಂತೆಂದರೆ ಅಲ್ಲಿನವರು ದನಗಳನ್ನು ಗುಡ್ಡದ ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ, ಕಲ್ಲಿನ ಗುಡಿಸಲಲ್ಲಿ ತಿಂಗಳುಗಟ್ಟಲೆ ಇದ್ದು, ಹಾಲು ಕರೆದು ಅಲ್ಲಿಯೇ ಚೀಸ್ ಮಾಡುತ್ತಿದ್ದರು. ಆ ಕಸುಬು ಕೈಬಿಟ್ಟು ಹೋಗುವ ಕಾಲ ಬಂದಾಗ, 1960ರಲ್ಲಿ ಹಾಲು ಉತ್ಪಾದಕರೇ ಸೇರಿ ಒಂದು ಸಹಕಾರ ಸಂಘ ಕಟ್ಟಿಕೊಂಡು ಚೀಸನ್ನು ಉಳಿಸಿಕೊಂಡರು. ನಮ್ಮ ಓದುಗರಿಗೆ ಇದು ಹೊಸ ಕಥೆಯಲ್ಲ ಬಿಡಿ.

ಲಾಯೋಲ್ ಚಾಕು 1829ರ ಸುಮಾರಿಗೆ ಆ ಊರಿನಲ್ಲಿ ಮೊದಲು ತಯಾರಾಯಿತು. ತೆಳ್ಳಗೆ ಉದ್ದನೆಯ ಅಲಗು, ಕೈಗೆ ಒಗ್ಗುವಂತೆ ಸ್ವಲ್ಪ ಬಾಗಿದ ಹಿಡಿ, ಹಿಂಬದಿಯಲ್ಲಿ ಒಂದು ಉಕ್ಕಿನ ಪಟ್ಟಿಯ ಸ್ಪ್ರಿಂಗ್. ಹಿಡಿಯ ಮೇಲೆ ಸಣ್ಣ ಮೊಳೆಗಳನ್ನು ಶಿಲುಬೆಯ ಆಕಾರದಲ್ಲಿ ಹೊಡೆದಿರುತ್ತಾರೆ. ಗುಡ್ಡದ ಮೇಲಿದ್ದ ದನಗಾಹಿಗಳು ಚಾಕುವನ್ನು ಎದುರಿಗೆ ನೆಟ್ಟು ಪ್ರಾರ್ಥನೆ ಮಾಡುತ್ತಿದ್ದರು ಎಂದು ಹೇಳುತ್ತಾರೆ. ಸುಮಾರು 1840ರ ಹೊತ್ತಿಗೆ ಈ ಚಾಕುವಿಗೆ ಇನ್ನೊಂದು ಅಂಗ ಸೇರಿತು, ನಮ್ಮ ದಬ್ಬಳದಂತಹ ಚೂಪಾದ ಕಡ್ಡಿ. ಚರ್ಮದ ಪಟ್ಟಿಗೆ ತೂತು ಮಾಡಲು ಅದು ಬಳಕೆಯಾಗುತ್ತಿತ್ತು. ಹಾಗೆಯೇ ಹಸಿ ಮೇವು ತಿಂದು ಹೊಟ್ಟೆ ಉಬ್ಬರಿಸಿದ ದನದ ಎಡ ಪಕ್ಕೆಗೆ ಚುಚ್ಚಿ ಗಾಳಿ ಬಿಡಲು ಸಹ! ಈ ಚುಚ್ಚುವ ವಿಚಾರಕ್ಕೆ ಮುಂದೆ ಬರುತ್ತೇನೆ, ಅದನ್ನು ಓದದೆ ದಯವಿಟ್ಟು ಪತ್ರಿಕೆ ಮಡಚಬೇಡಿ.

1880ರ ಸುಮಾರಿಗೆ ಮೂರನೆಯ ಅಂಗ ಬಂತು: ಬಾಟಲಿಯ ಬಿರಡೆ ತೆಗೆಯುವ ತಿರುಪು. ದನಕ್ಕೂ ಬಿರಡೆಗೂ ಏನು ಸಂಬಂಧ? ಆ ಸೀಮೆಯ ಹುಡುಗರು ಕೆಲಸ ಹುಡುಕಿಕೊಂಡು ಪ್ಯಾರಿಸ್ ನಗರಕ್ಕೆ ಹೋಗಿ ಹೋಟೆಲುಗಳಲ್ಲಿ ಸೇರಿಕೊಂಡಿದ್ದರು. ನಮ್ಮ ಕರಾವಳಿಯವರು ಮುಂಬಯಿಗೆ ಹೋದ ಹಾಗೆ. ಊರಿನ ಚಾಕು ಅವರ ಹೊಸ ಕೆಲಸಕ್ಕೂ ಒದಗಲಿ ಎಂದು ಹೀಗೆ ಮಾಡಿದರು. ಇಂದಿಗೂ ಹೇಳಿ ಮಾಡಿಸುವವರು ಇಷ್ಟನ್ನೂ ತೀರ್ಮಾನಿಸಿಯೇ ಹೇಳಬೇಕು: ಅಲಗು ಒಂದೇ ಸಾಕೋ, ದಬ್ಬಳವೂ ಬೇಕೋ, ತಿರುಪೂ ಬೇಕೋ, ತುಕ್ಕು ಹಿಡಿಯುವ ಉಕ್ಕೋ, ಹಿಡಿಯದ ಉಕ್ಕೋ, ಹಿಡಿಗೆ ಕೊಂಬೋ, ಮರವೋ. ನಮ್ಮೂರಿನ ಕುಲುಮೆಯಲ್ಲಿ ಮಾಡಿಸುವಾಗಲೂ ಪ್ರಶ್ನೆಗಳು ಇವೇ. ಉತ್ತರ ಮಾತ್ರ ನಿಮ್ಮ ಕೆಲಸಕ್ಕೆ ತಕ್ಕಂತೆ ಇರಬೇಕು.

ಅಲಗಿನ ಉಕ್ಕು

ಕಬ್ಬಿಣ ಬೇರೆ, ಉಕ್ಕು ಬೇರೆ. ಕಬ್ಬಿಣಕ್ಕೆ ಸ್ವಲ್ಪ ಇಂಗಾಲ ಸೇರಿದರೆ ಉಕ್ಕು. ಹಳೆಯ ಕಾಲದಲ್ಲಿ ದಕ್ಷಿಣ ಭಾರತದ ಉಕ್ಕಿಗೆ ಪರದೇಶಗಳಲ್ಲಿ ಭಾರೀ ಹೆಸರಿತ್ತು. ಇಂಗ್ಲಿಷಿನವರು ಅದನ್ನು 'ವೂಟ್ಜ್' ಎಂದು ಕರೆದಿದ್ದು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಇಂಗಾಲ ತೀರಾ ಕಡಿಮೆ ಇದ್ದರೆ ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಅಲಗು ಗಟ್ಟಿಯಾಗುವುದಿಲ್ಲ. ಆದ್ದರಿಂದ ಮನೆ ಕಟ್ಟಿ ಉಳಿದ ಕಂಬಿ, ಕಿಟಕಿಯ ಪಟ್ಟಿ ಕೊಟ್ಟು "ಇದರಲ್ಲೇ ಮಾಡಿಕೊಡಿ" ಎನ್ನಬೇಡಿ. ನೋಡಲು ಚಾಕುವಿನಂತೆಯೇ ಇರುತ್ತದೆ, ಎರಡು ಚೀಲ ಬಿಚ್ಚುವಷ್ಟರಲ್ಲಿ ಮೊಂಡಾಗುತ್ತದೆ.

ಕುಲುಮೆಯವರು ಇಷ್ಟಪಡುವುದು ಲಾರಿ, ಜೀಪುಗಳ ಅಡಿಯ ಕಮಾನುಪಟ್ಟಿಯನ್ನು. ಅದರಲ್ಲಿ ಇಂಗಾಲ ನೂರಕ್ಕೆ ಅರ್ಧ ಪಾಲಿಗಿಂತ ತುಸು ಹೆಚ್ಚು ಇರುತ್ತದೆ. ಬಾಗಿದರೂ ಮುರಿಯದ ಗುಣ ಇದರದು. ಕುಡುಗೋಲು, ಮಚ್ಚು, ಚಾಕು ಮೂರಕ್ಕೂ ಸೈ. ಕೆಲವರು ಹಳೆಯ ಅರದಿಂದಲೂ ಮಾಡಿಕೊಡುತ್ತಾರೆ. ಅರದಲ್ಲಿ ಇಂಗಾಲ ಇದರ ದುಪ್ಪಟ್ಟು ಇರುತ್ತದೆ. ಅಲಗು ಬಹಳ ಹರಿತವಾಗುತ್ತದೆ, ಹರಿತ ಹೆಚ್ಚು ದಿನ ನಿಲ್ಲುತ್ತದೆ. ಆದರೆ ಹದ ಸರಿಯಾಗಿ ಬೀಳದಿದ್ದರೆ ಗಾಜಿನಂತೆ ಚೂರಾಗುತ್ತದೆ. ಕೊಟ್ಟಿಗೆಗೆ ನಾನು ಅರದ ಚಾಕು ಬೇಡವೆನ್ನುತ್ತೇನೆ. ಕಾರಣ ಮುಂದಿದೆ.

ಹದ ಎಂದರೆ ಏನು? ಅಲಗನ್ನು ಕೆಂಪಗೆ ಕಾಯಿಸಿ ಎಣ್ಣೆಗೋ ನೀರಿಗೋ ಅದ್ದುತ್ತಾರೆ. ಆಗ ಅದು ಗಡುಸಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಆಮೇಲೆ ಮತ್ತೆ ಹದವಾಗಿ ಬಿಸಿ ಮಾಡಿ, ಉಜ್ಜಿ ಬೆಳ್ಳಗೆ ಮಾಡಿದ ಅಲಗು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತಿದ್ದಂತೆ ನಿಲ್ಲಿಸುತ್ತಾರೆ. ಆಗ ಪೆಡಸು ಇಳಿದು ಗಡುಸು ಉಳಿಯುತ್ತದೆ. ಈ ಎರಡನೆಯ ಬಿಸಿಯನ್ನು ಕೊಡದೆ ಅವಸರ ಮಾಡಿದರೆ ತುದಿ ಮುರಿಯುವುದು ಖಂಡಿತ. ಮನೆಗೆ ತಂದ ಮೇಲೆ ಒಂದು ಪರೀಕ್ಷೆ ಮಾಡಿ. ಅಲಗಿನ ಅಂಚಿನ ಮೇಲೆ ಅರವನ್ನು ಮೆಲ್ಲಗೆ ಎಳೆಯಿರಿ. ಅರ ಜಾರಿದರೆ ಅಲಗು ಗಡುಸಾಗಿದೆ. ಬೆಣ್ಣೆಯಂತೆ ಕಚ್ಚಿಕೊಂಡು ಪುಡಿ ಉದುರಿಸಿದರೆ ಹದ ಬಿದ್ದಿಲ್ಲ, ವಾಪಸು ಕೊಡಿ.

ಸ್ಟೇನ್‌ಲೆಸ್ ಉಕ್ಕು ಬೇಕೆನ್ನುವವರೂ ಇದ್ದಾರೆ. ನೂರಕ್ಕೆ ಹತ್ತೂವರೆ ಪಾಲಿಗಿಂತ ಹೆಚ್ಚು ಕ್ರೋಮಿಯಂ ಸೇರಿದ್ದರೆ ಉಕ್ಕಿಗೆ ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ. ಲಾಯೋಲ್ ಚಾಕುಗಳಿಗೆ ಸ್ವೀಡನ್ ದೇಶದ ಇಂತಹ ಉಕ್ಕನ್ನು ಬಳಸುವುದುಂಟು. ಗಂಜಲ, ಸಗಣಿ, ಉಪ್ಪಿನ ಮಿಶ್ರಣ ಇರುವ ಕೊಟ್ಟಿಗೆಗೆ ಇದೇ ಒಳ್ಳೆಯದು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಇದಕ್ಕೆ ಹದ ಹಾಕುವ ಉಷ್ಣತೆ ಹೆಚ್ಚು, ಕಣ್ಣಂದಾಜಿನಲ್ಲಿ ಇದ್ದಲ ಕುಲುಮೆಯಲ್ಲಿ ಆಗುವ ಕೆಲಸವಲ್ಲ. ಸ್ಟೇನ್‌ಲೆಸ್ ಬೇಕಿದ್ದರೆ ಒಳ್ಳೆಯ ಕಂಪನಿಯ ತಯಾರಾದ ಚಾಕು ಕೊಳ್ಳಿ. ಕುಲುಮೆಯಲ್ಲಿ ಮಾಡಿಸುವುದಾದರೆ ಕಮಾನುಪಟ್ಟಿಯೇ ಸರಿ. ಅದಕ್ಕೆ ತುಕ್ಕು ಬಾರದಂತೆ ನೋಡಿಕೊಳ್ಳುವುದು ದೊಡ್ಡ ಕೆಲಸವೇನಲ್ಲ. ತೊಳೆದು ಒರೆಸಿ, ಎರಡು ಹನಿ ಕೊಬ್ಬರಿ ಎಣ್ಣೆ ಸವರಿದರಾಯಿತು. ದಿನ ಕಳೆದಂತೆ ಅಲಗು ಕಪ್ಪಾಗುತ್ತದೆ, ಅದು ದೋಷವಲ್ಲ.

ತುದಿ ಚೂಪಾಗಿರಬೇಕೇ?

ಬೇಡ. ಚಾಕು ಎಂದರೆ ಚೂಪು ತುದಿ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಲಾಯೋಲ್ ಚಾಕುವಿನ ತುದಿ ಕೂಡ ಚೂಪೇ. ಆದರೆ ಒದ್ದಾಡುವ ಹಸುವಿನ ಕೊರಳ ಬಳಿ, ಮಂಪರುಗಣ್ಣಿನಲ್ಲಿ, ಮೊಬೈಲ್ ಬೆಳಕಿನಲ್ಲಿ ನೀವು ಹಗ್ಗ ಕೊಯ್ಯುವಾಗ ಚೂಪು ತುದಿ ಹಸುವಿಗೂ ಅಪಾಯ, ನಿಮಗೂ ಅಪಾಯ. ಹರಿತದ ಅಂಚು ನೇರವಾಗಿದ್ದು, ಬೆನ್ನಿನ ಕಡೆಯಿಂದ ತುದಿ ದುಂಡಗೆ ಇಳಿದು ಬಂದಿರುವ ಅಲಗೊಂದಿದೆ. ಇಂಗ್ಲಿಷಿನವರು ಇದಕ್ಕೆ ಕುರಿಯ ಕಾಲಿನ ಹೆಸರಿಟ್ಟಿದ್ದಾರೆ. ಹಡಗಿನಲ್ಲಿ ಹಗ್ಗದ ಕೆಲಸ ಮಾಡುವವರು ಇದನ್ನೇ ಇಟ್ಟುಕೊಳ್ಳುತ್ತಿದ್ದರು. ಅಲುಗಾಡುವ ಹಡಗಿನಲ್ಲಿ ಯಾರಿಗೂ ಚುಚ್ಚಬಾರದಲ್ಲ! ಕೊಟ್ಟಿಗೆಗೂ ಇದೇ ಆಕಾರ ಹೇಳಿ. ಅಲಗಿನ ಉದ್ದ ಮೂರು ಇಂಚು ಸಾಕು.

ಹಿಡಿಯ ಕಡೆಯ ಒಂದು ಇಂಚಿಗೆ ಕುಡುಗೋಲಿಗೆ ಹಾಕುವಂತೆ ಕಕ್ಕು ಹಾಕಿಸಿದರೆ ನೈಲಾನ್ ಹಗ್ಗಕ್ಕೆ ಅನುಕೂಲ. ನಯವಾದ ಅಂಚು ಜಾರುವಲ್ಲಿ ಹಲ್ಲು ಕಚ್ಚಿಕೊಳ್ಳುತ್ತದೆ. ಇಡೀ ಅಲಗಿಗೆ ಮಾತ್ರ ಬೇಡ, ಮನೆಯಲ್ಲಿ ಮಸೆಯಲು ಆಗುವುದಿಲ್ಲ. ಹಗ್ಗ ಕೊಯ್ಯುವಾಗ ಹರಿತದ ಅಂಚು ಯಾವಾಗಲೂ ಹಸುವಿನ ಮೈಯಿಂದ ಹೊರಗಡೆ ಮುಖ ಮಾಡಿರಲಿ, ನಿಮ್ಮ ಮುಖ, ಹೊಟ್ಟೆ ಅದರ ದಾರಿಯಲ್ಲಿ ಇರದಿರಲಿ. ಸಾಧ್ಯವಾದರೆ ಕೊರಳಿನ ಹತ್ತಿರ ಕೊಯ್ಯುವ ಬದಲು ಗೂಟದ ಹತ್ತಿರ ಕೊಯ್ಯಿರಿ.

ಮಡಚುವ ಚಾಕುವೋ, ನೇರ ಚಾಕುವೋ? ಸೆರಗಿಗೋ ಸೊಂಟಕ್ಕೋ ಸಿಕ್ಕಿಸಿಕೊಂಡು ಹೊಲಕ್ಕೆ ಹೋಗುವವರಿಗೆ ಮಡಚುವುದು ಸುರಕ್ಷಿತ. ಆದರೆ ಹಳೆಯ ಮಾದರಿಯ ಮಡಚುವ ಚಾಕುಗಳಿಗೆ ಬೀಗ ಇರುವುದಿಲ್ಲ, ಸ್ಪ್ರಿಂಗಿನ ಒತ್ತಡದಲ್ಲಿ ಮಾತ್ರ ಅಲಗು ತೆರೆದು ನಿಂತಿರುತ್ತದೆ. ಲಾಯೋಲ್ ಚಾಕು ಕೂಡ ಸಾಮಾನ್ಯವಾಗಿ ಹೀಗೆಯೇ. ಒತ್ತಿ ಚುಚ್ಚಲು ಹೋದರೆ ಅಲಗು ಹಿಂದಕ್ಕೆ ಮಡಚಿ ಬೆರಳಿಗೆ ಬೀಳುತ್ತದೆ. ಎಳೆದು ಕೊಯ್ಯಲು ಮಾತ್ರ ಅದು. ಇನ್ನೊಂದು ತೊಂದರೆ ಏನೆಂದರೆ ಮಡಚುವ ಸಂದಿಯಲ್ಲಿ ಸಗಣಿ, ಹಿಂಡಿಪುಡಿ ಸೇರಿಕೊಂಡು ಒಳಗಿನಿಂದ ತುಕ್ಕು ಹಿಡಿಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಕೊಟ್ಟಿಗೆಯ ಗೋಡೆಯಲ್ಲಿ ಒರೆಯೊಳಗೆ ನೇತು ಹಾಕಲು ನೇರ ಚಾಕು, ಮೈಮೇಲೆ ಇಟ್ಟುಕೊಳ್ಳಲು ಮಡಚುವುದು. ಒಂದೇ ಮಾಡಿಸುವುದಾದರೆ ನೇರ ಚಾಕು ಮಾಡಿಸಿ. ಒದ್ದೆ ಕೈಯಲ್ಲಿ, ಗಾಬರಿಯಲ್ಲಿ, ಉಗುರು ಸಿಕ್ಕಿಸಿ ಅಲಗು ಬಿಡಿಸುತ್ತಾ ಕೂರಲು ಪುರುಸೊತ್ತಿರುವುದಿಲ್ಲ.

ಹಿಡಿಯ ವಿಚಾರ

ಅಂಗಡಿಯಲ್ಲಿ ಸಿಗುವ ಬಹುತೇಕ ಚಾಕು, ಕುಡುಗೋಲುಗಳ ಹಿಡಿ ಗಂಡಸರ ಅಂಗೈ ಅಳತೆಯವು. ಹಿಡಿ ದಪ್ಪವಾದರೆ ಬೆರಳು ಪೂರ್ತಿ ಸುತ್ತುವುದಿಲ್ಲ, ಬಿಗಿ ಹಿಡಿಯಲು ಹೆಚ್ಚು ಶಕ್ತಿ ಬೇಕು, ಸಂಜೆ ಹಾಲು ಕರೆಯುವಾಗ ಕೈ ಸೋಲುತ್ತದೆ. ಕೈಯಿಂದ ಹಾಲು ಕರೆಯುವವರಿಗೆ ಇದು ಸಣ್ಣ ಮಾತಲ್ಲ. ಹಿಡಿ ಹಿಡಿದಾಗ ನಡುಬೆರಳಿನ ತುದಿ ಅಂಗೈಗೆ ತಾಗುವ ಹಾಗಿರಲಿ. ಪೂರ್ತಿ ಗುಂಡಗೆ ಬೇಡ, ಮೊಟ್ಟೆಯಾಕಾರ ಇರಲಿ. ಆಗ ಕತ್ತಲಲ್ಲೂ ಅಲಗಿನ ಮುಖ ಯಾವ ಕಡೆ ಎಂದು ಕೈಗೇ ಗೊತ್ತಾಗುತ್ತದೆ.

ಮರದಲ್ಲಿ ಜಾಲಿ, ಹುಣಸೆ, ಸೀಬೆ ಗಟ್ಟಿ. ನೇಗಿಲು, ಕೊಡಲಿಗಳ ಕಾಲದಿಂದಲೂ ಜಾಲಿಯನ್ನು ನಂಬಿದವರು ನಾವು. ಮರ ಚೆನ್ನಾಗಿ ಒಣಗಿರಬೇಕು. ಹಸಿ ಮರದ ಹಿಡಿ ಆರಿದ ಮೇಲೆ ಕುಗ್ಗಿ ಲಟಲಟ ಎನ್ನುತ್ತದೆ. ಹಿಡಿ ಹಾಕಿಸಿದ ಮೇಲೆ ಅಗಸೆ ಎಣ್ಣೆ ಕುಡಿಸಿದರೆ ನೀರು ತಡೆಯುತ್ತದೆ.

ಲಾಯೋಲ್ ಚಾಕುವಿಗೆ ಕೊಂಬಿನ ಹಿಡಿ ಬಲು ಹೆಸರುವಾಸಿ. ಎಮ್ಮೆಯ ಕೊಂಬಿನ ಹಿಡಿ ನಮ್ಮಲ್ಲೂ ಇದೆ. ಕೊಂಬು ಎಂದರೆ ನಮ್ಮ ಉಗುರಿನ ಜಾತಿಯದೇ ವಸ್ತು. ಬಿಸಿ ಮಾಡಿದರೆ ಬಾಗುತ್ತದೆ, ಉಜ್ಜಿದರೆ ಕನ್ನಡಿಯಂತೆ ಹೊಳೆಯುತ್ತದೆ. ಆದರೆ ನೀರು ಕುಡಿದು ಒಣಗುವಾಗ ಸೊಟ್ಟಗಾಗುತ್ತದೆ, ಹುಳುವೂ ತಿನ್ನುತ್ತದೆ. ದಿನವಿಡೀ ಒದ್ದೆಯಾಗುವ ಕೊಟ್ಟಿಗೆಗೆ ಹೊಂದುವುದಿಲ್ಲ. ಜಿಂಕೆ, ಕಡವೆಯ ಕೊಂಬಂತೂ ಬೇಡವೇ ಬೇಡ. ತಾನಾಗಿ ಉದುರಿದ್ದು ಸಿಕ್ಕಿತು ಎಂದರೂ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಕೊಂಬಿನ ಮಾತು ಬಂದಿದ್ದರಿಂದ ಇನ್ನೊಂದು ಎಚ್ಚರಿಕೆ. ಇದ್ದಕ್ಕಿದ್ದಂತೆ ಸತ್ತ ದನದ ಕೊಂಬು, ಚರ್ಮ, ಮೂಳೆಯನ್ನು ಯಾವ ಕಾರಣಕ್ಕೂ ತೆಗೆಯಬೇಡಿ, ತೆಗೆಯಲು ಬಿಡಬೇಡಿ. ಮೂಗು, ಬಾಯಿ, ಗುದದ್ವಾರದಿಂದ ಕಪ್ಪು ರಕ್ತ ಬಂದಿದ್ದರೆ ಅದು ನೆರಡಿ ರೋಗವಿರಬಹುದು. ಚಾಕು ತಾಗಿಸಿ ಮೈ ತೆರೆದರೆ ರೋಗಾಣುಗಳು ಗಾಳಿಗೆ ಒಡ್ಡಿಕೊಂಡು ಗಟ್ಟಿ ಕವಚದ ಬೀಜಾಣುಗಳಾಗುತ್ತವೆ. ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿರುತ್ತವೆ. ಮನುಷ್ಯರಿಗೂ ಬರುವ ರೋಗ ಇದು. ಮುಟ್ಟದೆ, ಕೊಯ್ಯದೆ ನಮಗೆ ತಿಳಿಸಿ.

ಒಂದು ಮೊಳೆ, ಒಂದು ತುಂಡು ತಂತಿ

ಅರದ ಚಾಕು ಬೇಡ ಎಂದೆನಲ್ಲ, ಕಾರಣ ಇಲ್ಲಿದೆ. ದನ ಮೇವನ್ನು ಅಗಿದು ಪರೀಕ್ಷಿಸಿ ನುಂಗುವ ಪ್ರಾಣಿಯಲ್ಲ. ನಾಲಿಗೆಯಿಂದ ಬಾಚಿಕೊಂಡು ನುಂಗಿ, ಆಮೇಲೆ ಪುರುಸೊತ್ತಿನಲ್ಲಿ ಮೆಲುಕು ಹಾಕುತ್ತದೆ. ಮೇವಿನ ಜೊತೆ ಹೋದ ಕಬ್ಬಿಣದ ಚೂರು ಭಾರಕ್ಕೆ ಎರಡನೆಯ ಹೊಟ್ಟೆಯಲ್ಲಿ, ಎಂದರೆ ಜೇನುಗೂಡಿನಂತೆ ಕಾಣುವ ಚೀಲದಲ್ಲಿ ಕೂರುತ್ತದೆ. ಆ ಚೀಲಕ್ಕೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ವಪೆ ಮಾತ್ರ. ಚೀಲ ಹಿಂಡಿಕೊಂಡಾಗ, ಗಬ್ಬದ ಹಸುವಿನ ಹೊಟ್ಟೆ ಒತ್ತಿದಾಗ, ಕರು ಹಾಕಲು ತಿಣುಕಿದಾಗ ಆ ಚೂರು ಮುಂದಕ್ಕೆ ಚುಚ್ಚಿಕೊಳ್ಳುತ್ತದೆ. ಮೇವು ಬಿಡುವುದು, ಹಾಲು ಏಕಾಏಕಿ ಇಳಿಯುವುದು, ಬೆನ್ನು ಬಿಲ್ಲಿನಂತೆ ಬಾಗುವುದು, ಇಳಿಜಾರಿನಲ್ಲಿ ನಡೆಯಲು ಹಿಂಜರಿಯುವುದು ಮೊದಲ ಲಕ್ಷಣಗಳು. ಎದೆಯ ಕೆಳಗೆ, ಗಂಗೆದೊಗಲಿನಲ್ಲಿ ನೀರು ತುಂಬಿ ಊದಿಕೊಂಡಿತೆಂದರೆ ಹೃದಯದ ಪೊರೆಗೆ ತಾಗಿದೆ ಎಂದು ಅರ್ಥ. ಆ ಹಂತದಲ್ಲಿ ನಮ್ಮಿಂದ ಉಳಿಸುವುದು ಬಹಳ ಕಷ್ಟ.

ಈ ಚೂರು ಎಲ್ಲಿಂದ ಬಂತು? ಮುರಿದ ಅಲಗಿನ ತುದಿ, ಸಡಿಲವಾಗಿ ಉದುರಿದ ಹಿಡಿಯ ಮೊಳೆ ಇವೂ ಕಾರಣವಾಗಬಹುದು. ನಾನು ಹೆಚ್ಚು ಹೆದರುವುದು ಬಿರುಕು ಬಿಟ್ಟ ಕುಡುಗೋಲಿನ ಹಿಡಿಗೆ ಸುತ್ತಿದ ತಂತಿಗೆ. ಸೆಂಟ್ರಿಂಗ್ ಕೆಲಸದ ಕಟ್ಟುತಂತಿಯನ್ನು ನಾಲ್ಕು ಸುತ್ತು ಸುತ್ತಿ ವರ್ಷಗಟ್ಟಲೆ ಬಳಸುವವರಿದ್ದಾರೆ. ತಂತಿ ತುಕ್ಕು ಹಿಡಿದು, ಒಂದೊಂದೇ ಇಂಚು ತುಂಡಾಗಿ ಹುಲ್ಲಿನ ಹೊರೆಯೊಳಗೆ ಬೀಳುತ್ತದೆ. ಇಂದೇ ನಿಮ್ಮ ಕುಡುಗೋಲು ನೋಡಿ. ತಂತಿ ಸುತ್ತಿದ್ದರೆ ಬಿಚ್ಚಿ ಎಸೆದು ಹೊಸ ಹಿಡಿ ಹಾಕಿಸಿ. ಚಾಕು ಮಾಡಿಸುವಾಗ ಅಲಗಿನ ಬಾಲ ಹಿಡಿಯ ಕೊನೆಯವರೆಗೂ ಹೋಗಲಿ, ಕನಿಷ್ಠ ಎರಡು ದಪ್ಪ ರಿವೆಟ್ ಎರಡೂ ಕಡೆ ತಟ್ಟಿ ಕೂರಿಸಿರಲಿ. ಹಿಡಿಯ ಕೊನೆಯಲ್ಲಿ ಒಂದು ತೂತು ಹಾಕಿಸಿ ಕೆಂಪು ಬಟ್ಟೆಯ ದಾರ ಕಟ್ಟಿ. ಮೇವಿನಲ್ಲಿ ಚಾಕು ಬಿದ್ದರೆ, ಅದು ಯಂತ್ರಕ್ಕೆ ಹೋಗುವ ಮುಂಚೆ ಕಣ್ಣಿಗೆ ಬೀಳುತ್ತದೆ.

ಚಾಕು ಮಾಡಬಾರದ ಕೆಲಸ

ಲಾಯೋಲ್ ಚಾಕುವಿನ ದಬ್ಬಳದ ಕಥೆ ಓದಿ "ನಾವೂ ಒಂದು ಹಾಕಿಸಿಕೊಳ್ಳೋಣ" ಎಂದು ಯಾರೂ ಹೊರಡಬಾರದು. ನಾವು ವೈದ್ಯರು ಹೊಟ್ಟೆಯುಬ್ಬರಕ್ಕೆ ಚುಚ್ಚುವ ಸಲಕರಣೆಯಲ್ಲಿ ಎರಡು ಭಾಗಗಳಿವೆ: ಒಳಗೆ ಚೂಪಾದ ಕಡ್ಡಿ, ಹೊರಗೆ ಅದನ್ನು ಸುತ್ತಿದ ಕೊಳವೆ. ಚುಚ್ಚಿ ಕಡ್ಡಿ ತೆಗೆದರೂ ಕೊಳವೆ ಅಲ್ಲಿಯೇ ಉಳಿದು, ಗಾಳಿ ಅದರ ಮೂಲಕ ಹೊರಬರುತ್ತದೆ. ಬರೀ ಚಾಕು ಚುಚ್ಚಿದರೆ ಏನಾಗುತ್ತದೆ? ಗಾಳಿ ಸ್ವಲ್ಪ ಹೋಗುತ್ತಿದ್ದಂತೆ ಹೊಟ್ಟೆಯ ಚೀಲ ಕುಗ್ಗಿ ಕೆಳಗೆ ಸರಿಯುತ್ತದೆ. ಚರ್ಮದ ತೂತು ಒಂದು ಕಡೆ, ಚೀಲದ ತೂತು ಇನ್ನೊಂದು ಕಡೆ. ಕೊಳೆತ ಮೇವಿನ ರಸ ಉದರದೊಳಗೆ ಸೋರುತ್ತದೆ. ಆ ದಿನ ಬದುಕಿದ ಹಸು ನಾಲ್ಕು ದಿನ ಬಿಟ್ಟು ಕೀವಾಗಿ ಸಾಯುತ್ತದೆ. ಜೊತೆಗೆ ಎಳೆಯ ಕುದುರೆಮೆಂತೆಯಂತಹ ದ್ವಿದಳ ಮೇವು ತಿಂದು ಬರುವ ಉಬ್ಬರದಲ್ಲಿ ಗಾಳಿ ನೊರೆಯ ರೂಪದಲ್ಲಿ ಇರುತ್ತದೆ. ಸೋಪಿನ ನೊರೆಗೆ ಸೂಜಿ ಚುಚ್ಚಿದರೆ ನೊರೆ ಇಳಿಯುತ್ತದೆಯೇ? ಹಾಗೆಯೇ ಇದೂ.

ಎಡ ಪಕ್ಕೆ ಉಬ್ಬಿದ್ದು ಕಂಡ ತಕ್ಷಣ ಒಕ್ಕೂಟದ ತುರ್ತು ಚಿಕಿತ್ಸಾ ಘಟಕಕ್ಕೋ 1962 ಸಹಾಯವಾಣಿಗೋ ಕರೆ ಮಾಡಿ. ನಾವು ಬರುವವರೆಗೆ ಹಸುವಿನ ಮುಂಗಾಲು ಎತ್ತರದಲ್ಲಿ ಇರುವಂತೆ ನಿಲ್ಲಿಸಿ, ಮೇವು ತೆಗೆಯಿರಿ, ಸಾಧ್ಯವಾದರೆ ಮೆಲ್ಲಗೆ ನಡೆಸಿ. ಹಸು ನಿಂತಿದ್ದು, ಚೆನ್ನಾಗಿ ನುಂಗುತ್ತಿದ್ದರೆ ಕಾಲು ಲೀಟರ್ ಅಡುಗೆ ಎಣ್ಣೆಯನ್ನು ತಲೆ ತೀರಾ ಎತ್ತದೆ, ಗುಟುಕು ಗುಟುಕಾಗಿ ಕುಡಿಸಬಹುದು. ಮಲಗಿದ ಹಸುವಿಗೆ, ಜೊಲ್ಲು ಸುರಿಸುತ್ತಾ ನುಂಗಲಾರದ ಹಸುವಿಗೆ ಏನನ್ನೂ ಕುಡಿಸಬೇಡಿ. ಶ್ವಾಸಕೋಶಕ್ಕೆ ಹೋಗುತ್ತದೆ.

ಕರುವಿನ ಹೊಕ್ಕುಳಬಳ್ಳಿಗೆ ಕೊಟ್ಟಿಗೆಯ ಚಾಕು ತಾಗಿಸಬೇಡಿ. ಅದಕ್ಕೆ ಹೊಸ ಬ್ಲೇಡು, ಟಿಂಚರ್ ಅಯೋಡಿನ್ ಬೇರೆಯೇ ಇರಲಿ. ನೇತಾಡುವ ಸತ್ತೆಯನ್ನು ಕೊಯ್ಯುವುದೂ ಬೇಡ, ಗೊರಸು ಕೆತ್ತುವುದೂ ಬೇಡ. ಗೊರಸಿಗೆ ತುದಿ ಮಡಚಿದ ಬೇರೆ ಚಾಕುವೇ ಇದೆ. ಹಾಗೆಯೇ ಕೊಟ್ಟಿಗೆಯ ಚಾಕು ಅಡುಗೆಮನೆಗೆ ಬರಬಾರದು. ಕಂದು ಹಾಕಿದ ಹಸುವಿನ ಸ್ರಾವದಿಂದ ಬ್ರುಸೆಲ್ಲಾ ರೋಗ ಮನೆಯವರಿಗೂ ತಗಲುತ್ತದೆ.

ಕೈ ಕೊಯ್ದುಕೊಂಡರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಆರೋಗ್ಯ ಕೇಂದ್ರಕ್ಕೆ ಹೋಗಿ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ. "ಚಾಕು ಹೊಸದು, ತುಕ್ಕಿಲ್ಲ" ಎಂದು ಸುಮ್ಮನಿರಬೇಡಿ. ಧನುರ್ವಾಯು ಬರುವುದು ತುಕ್ಕಿನಿಂದಲ್ಲ, ಮಣ್ಣು ಮತ್ತು ಸಗಣಿಯಲ್ಲಿ ಇರುವ ಬೀಜಾಣುಗಳಿಂದ. ಕೊಟ್ಟಿಗೆಯಲ್ಲಿ ಆ ಎರಡಕ್ಕೂ ಬರವಿಲ್ಲ.

ಹೇಳಿ ಮಾಡಿಸುವಾಗ

ಕುಲುಮೆಗೆ ಹೋಗುವ ಮುಂಚೆ ರಟ್ಟಿನಲ್ಲಿ ಚಾಕುವಿನ ಆಕಾರ ಕತ್ತರಿಸಿ, ನಿಮ್ಮ ಕೈಯಲ್ಲಿ ಹಿಡಿದು ನೋಡಿ, ಅದನ್ನೇ ಮಾದರಿಯಾಗಿ ಕೊಡಿ. ಬಾಯಿಮಾತಿನಲ್ಲಿ "ಸ್ವಲ್ಪ ಸಣ್ಣದು" ಎಂದರೆ ಅವರ ಸಣ್ಣದೇ ಬೇರೆ, ನಿಮ್ಮ ಸಣ್ಣದೇ ಬೇರೆ. ಎಡಗೈ ಬಳಸುವವರು ಅದನ್ನು ಮೊದಲೇ ಹೇಳಿ, ಕುಡುಗೋಲಿಗಂತೂ ಒಂದೇ ಕಡೆ ಇಳಿಜಾರು ಕೊಡುವುದರಿಂದ ಕೈ ಬದಲಾದರೆ ಅಲಗು ಹುಲ್ಲಿನಿಂದ ಜಾರುತ್ತದೆ. ಸಾಣೆ ಚಕ್ರಕ್ಕೆ ಹಿಡಿಯುವಾಗ ಪಕ್ಕದಲ್ಲೇ ನಿಂತಿರಿ. ಒತ್ತಿ ಹಿಡಿದು ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಅಷ್ಟು ಜಾಗದ ಹದ ಹೋಯಿತೆಂದೇ ಲೆಕ್ಕ. ಆಗಾಗ ನೀರಿಗೆ ಅದ್ದಿ ಹಿಡಿಯಲು ಹೇಳಿ. ಆಮೇಲೆ ಮನೆಯಲ್ಲಿ ವಾರಕ್ಕೊಮ್ಮೆ ಮಸೆಯುವ ಕಲ್ಲಿಗೆ ನೀರು ಹಾಕಿ ನಾಲ್ಕು ಸಲ ಎಳೆದರೆ ಸಾಕು.

ಬಿತ್ತನೆ, ಸುಗ್ಗಿಯ ಹೊತ್ತಿನಲ್ಲಿ ಕುಲುಮೆಯವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಹದ ಅವಸರದಲ್ಲಿ ಬೀಳುವ ಕೆಲಸವಲ್ಲ. ಅದಕ್ಕೆ ಮುಂಚೆಯೇ, ಕೆಲಸ ಕಡಿಮೆ ಇರುವ ದಿನಗಳಲ್ಲಿ ಸಂಘದ ನಾಲ್ಕೈದು ಜನ ಒಟ್ಟಿಗೆ ಹೋಗಿ ಹೇಳಿದರೆ ಒಂದೇ ಕಮಾನುಪಟ್ಟಿಯಲ್ಲಿ ಎಲ್ಲರದೂ ಆಗುತ್ತದೆ, ದರದಲ್ಲೂ ಮಾತಾಡಬಹುದು. ತಂದ ಚಾಕುವನ್ನು ಕೊಟ್ಟಿಗೆಯ ಲೈಟಿನ ಸ್ವಿಚ್ ಪಕ್ಕದಲ್ಲಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಗೋದಲಿಯಿಂದ ದೂರ ಒಂದು ಮೊಳೆ ಹೊಡೆದು ನೇತು ಹಾಕಿ. ಜಾಗ ಬದಲಾಯಿಸಬೇಡಿ. ಮನೆಯ ದೊಡ್ಡವರೆಲ್ಲ ದೀಪವಿಲ್ಲದೆಯೂ ಅದನ್ನು ಕೈಯಿಂದ ತಡವಿ ತೆಗೆಯುವುದನ್ನು ಒಂದೆರಡು ಸಲ ಅಭ್ಯಾಸ ಮಾಡಿಕೊಳ್ಳಲಿ.